ಎರಡು ಕಿಲೋ ಸೌತಿಬೀಜ

ಯಡ್ರಾವದ ಮಂಗಲಕ್ಕನಿಗೆ ಈಗ ಐವತ್ತೆಂಟು. ಅದರಲ್ಲಿ ನಲವತ್ತೆಂಟು ವರ್ಷ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಬಿಡುವಾದಾಗಲೆಲ್ಲ ಒಂದೇ ಕೆಲಸ ಮಾಡಿವೆ. ಹಿಟ್ಟಿನ ಸಣ್ಣ ಎಳೆ ತೆಗೆಯುವುದು, ತುದಿ ಚಿವುಟುವುದು, ಹೊಸೆದು ಸೌತಿಬೀಜ ಮಾಡುವುದು. ಸೌತಿಬೀಜ ಎಂದರೆ ಸೌತೆಕಾಯಿಯೊಳಗಿನ ಬೀಜವಲ್ಲ ಮತ್ತೆ! ಆ ಬೀಜದ ಆಕಾರದ, ಅಷ್ಟೇ ಗಾತ್ರದ, ಎರಡೂ ತುದಿ ಚೂಪಾದ ಶಾವಿಗೆ. ಮದುವೆ ಗೊತ್ತಾದ ಮನೆಯಲ್ಲಿ ಹೆಂಗಸರು ಸುತ್ತ ಕೂತು ಹರಟುತ್ತ ಮಾಡುವಂಥದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಇದು ಗೊತ್ತಿಲ್ಲದ ಜಾಣನೊಬ್ಬ ಈ ಕಥೆಯಲ್ಲಿ ಬರುತ್ತಾನೆ.

ಮಂಗಲಕ್ಕನ ತವರು ಗಡಹಿಂಗ್ಲಜ. ಕಲಿಸಿದವಳು ಅಜ್ಜಿ ಮಲಕವ್ವ. ಆಕೆ ಮುದ್ದು ಮಾಡಿ ಕಲಿಸುವ ಪೈಕಿಯಲ್ಲ. ಮೊಮ್ಮಗಳು ಮಾಡಿದ ಒಂದು ಕಾಳನ್ನು ನಿಜವಾದ ಬೀಜದ ಪಕ್ಕ ಇಟ್ಟು, ಕಣ್ಣು ಮುಚ್ಚಿ, ಬೆರಳಾಡಿಸಿ ನೋಡುತ್ತಿದ್ದಳು. ಯಾವುದು ಯಾವುದೆಂದು ಗೊತ್ತಾಗಿಬಿಟ್ಟರೆ ಇಡೀ ಮೊರವನ್ನು ಮತ್ತೆ ಹಿಟ್ಟು ಮಾಡಿ ನಾದಿಸುತ್ತಿದ್ದಳು. ಹತ್ತು ವರ್ಷದ ಹುಡುಗಿ ಅತ್ತಳು, ಮುನಿಸಿಕೊಂಡಳು, ಊಟ ಬಿಟ್ಟಳು. ಹನ್ನೆರಡಕ್ಕೆ ಬರುವಷ್ಟರಲ್ಲಿ ಅಜ್ಜಿಗೇ ಗುರುತು ಹತ್ತದಾಯಿತು.

ಜಿನಪಾಲನನ್ನು ಮದುವೆಯಾಗಿ ಯಡ್ರಾವಕ್ಕೆ ಬಂದ ಮೇಲೆ, ಆ ನೇಕಾರರ ಊರಿನ ಮಗ್ಗಗಳ ಖಟಖಟದ ನಡುವೆಯೂ ಅವಳ ಕೈಗುಣ ಹೆಸರಾಯಿತು. ಇಚಲಕರಂಜಿಯ ಸಾವಕಾರರ ಮನೆಗಳಿಂದ ಗಾಡಿ ಬರುತ್ತಿತ್ತು, ಅವಳನ್ನು ಕರೆದೊಯ್ಯಲು. ಹೆಸರೇನೋ ಬಂತು. ಆದರೆ ಅವಳಿಗೆ ಒಂದು ಕೊರಗು ಇತ್ತು. ಹಿಂದೆಲ್ಲ ಹೊಸ ಮದುಮಗಳು ಗಂಡನ ಮನೆಗೆ ಹೋಗಿ ಈ ಸೌತಿಬೀಜದ್ದೇ ಪಾಯಸ ಮಾಡಿ ಎಲ್ಲರಿಗೂ ಬಡಿಸಬೇಕಿತ್ತು. ಈಗ ಅದು ರುಖವತದ ಸಾಮಾನು. ಮಂಟಪದ ಪಕ್ಕ ಮೇಜಿನ ಮೇಲೆ ಮದುಮಗಳ ಕಡೆಯವರ ಕಾಣಿಕೆಗಳನ್ನು ಜೋಡಿಸುತ್ತಾರಲ್ಲ, ಅಲ್ಲಿ ಗಾಜಿನ ಬಾಟಲಿಯೊಳಗೆ, ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ನಿಲ್ಲುತ್ತದೆ. ಜನ ಫೋಟೋ ತೆಗೆಯುತ್ತಾರೆ, ತಿನ್ನುವವರಿಲ್ಲ. ಆಮೇಲೆ ಶೋಕೇಸು, ಆಮೇಲೆ ಹುಳ. ಒಂದು ಸಲವಂತೂ ತಾನು ಒಬ್ಬರ ಮದುವೆಗೆ ತುಂಬಿಕೊಟ್ಟ ಬಾಟಲಿಯನ್ನು ಮೂರು ವರ್ಷದ ನಂತರ ಇನ್ನೊಬ್ಬರ ಮದುವೆಯಲ್ಲಿ ಕಂಡಳು. ರಿಬ್ಬನ್ ಮಾತ್ರ ಹೊಸದು!

“ನನ್ನ ಕೈಯಿಂದು ಯಾರರ ಒಬ್ರು ತಿಂದು, ಚಲೋ ಆಗೇತಿ, ಇಲ್ಲಾ ಕೆಟ್ಟೈತಿ, ಏನರ ಒಂದು ಅನಲಿ ನೋಡ್ರಿ,” ಎಂದು ಗಂಡನೆದುರು ಹಲುಬುತ್ತಿದ್ದಳು.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಅಕ್ಕನ ಮಗ ನಿಖಿಲನ ಫೋನ್ ಬಂತು. ಸಣ್ಣಂದಿನಿಂದ ಪುಣೆಯ ಹಾಸ್ಟೆಲಿನಲ್ಲಿ ಬೆಳೆದ ಹುಡುಗ. ಈಗ ದೊಡ್ಡ ಶ್ರೀಮಂತರಿಗೆ ಪ್ರವಾಸ ಏರ್ಪಡಿಸುವ ಒಂದು ಕಂಪನಿಯಲ್ಲಿ ಕೆಲಸ. ಇಟಲಿಯ ಹೆಸರಾಂತ ಶೆಫ್ ಒಬ್ಬ, ಎತ್ತೊರೆ ಬಾಲ್ದಿನಿ ಅಂತ, ಊರೂರು ತಿರುಗಿ ಆಯಾ ಊರಿನ ಪದಾರ್ಥದಲ್ಲಿ ತನ್ನ ಅಡುಗೆ ಮಾಡುತ್ತಾನಂತೆ. ಅವನ ಕೈಯ ಊಟಕ್ಕಾಗಿ ಇಪ್ಪತ್ತೆರಡು ಮಂದಿ ಅವನ ಹಿಂದೆಯೇ ತಿರುಗುತ್ತಾರಂತೆ. ಅದರಲ್ಲಿ ಒಂದು ಮಧ್ಯಾಹ್ನದ ಊಟ ಕೊಲ್ಹಾಪುರದಲ್ಲಿ.

“ಮಾವಶಿ, ಅವಂಗ ಎರಡ ಕಿಲೋ ಸೌತಿಬೀಜ ಬೇಕಂತ. ಪ್ಯಾಟ್ಯಾಗಿಂದ ನಡ್ಯಾಂಗಿಲ್ಲಂತ, ಮನೀದs ಬೇಕು. ಹತ್ತ ದಿನದಾಗ ಆಗತೈತೇನು?”

ದತ್ತವಾಡದಲ್ಲಿದ್ದ ತಮ್ಮ ಹೊಲದಲ್ಲಿ ಮಾವಶಿಯವರು, ಅಂದರೆ ಚಿಕ್ಕಮ್ಮನ ಮನೆಯವರು, ಕಬ್ಬಿನ ಬದಿಗೆ ಸೌತೆ ಹಾಕಿದ್ದು ನಿಖಿಲನಿಗೆ ಗೊತ್ತಿತ್ತು. ಅದಕ್ಕೇ ಕೇಳಿದ್ದ. ಮಂಗಲಕ್ಕನಿಗೆ ಆ ಹೊಲ ನೆನಪಾಗಲೇ ಇಲ್ಲ. ಅವಳ ಪಾಲಿಗೆ ಸೌತಿಬೀಜ ಎಂಬ ಮಾತಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಅರ್ಥ.

“ಬಂದವರು ತಿಂತಾರನೊ?” ಎಂದಷ್ಟೇ ಕೇಳಿದಳು.

“ಮತ್ತ? ತಿನ್ನಾಕs ಬರಾಕತ್ತಾರ!”

ಜಿನಪಾಲ ನಕ್ಕ. “ಉಣ್ಣಾಕ ದೇಶ ತಿರಗತಾರಂದ್ರ ಇವರ ಮನ್ಯಾಗ ಒಲಿ ಹಚ್ಚೂದಿಲ್ಲೇನ? ಅವನ ಹೆಸರರ ಏನು, ಎತ್ತೋ, ಕುದುರಿಯೋ!”

ಮಂಗಲಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಂಪು ಖಪಲಿ ಗೋಧಿಯ ಸಣ್ಣ ರವೆ ಹಾಲಿನಲ್ಲಿ ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ಕೂತೇಬಿಟ್ಟಳು. ಒಂದು ದಿನ ಬೆನ್ನು ಮುರಿದು ಮಾಡಿದರೆ ಕಾಲು ಕಿಲೋ. ಎಂಟು ದಿನ ಹಿಡಿಯಿತು. ಕೊನೆಯ ಎರಡು ದಿನ ಹೆಬ್ಬೆರಳು ಊದಿಕೊಂಡಿತ್ತು, ಅರಿಸಿನ ಎಣ್ಣೆ ಹಚ್ಚಿಕೊಂಡು ಮಾಡಿದಳು. ನೆರಳಲ್ಲಿ ಒಣಗಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ಗಂಡನ ಜೊತೆ ಕೊಲ್ಹಾಪುರಕ್ಕೆ ಹೊರಟಳು. ಉಟ್ಟದ್ದು ಪೈಠಣಿ ರೇಷ್ಮೆ ಸೀರೆ. ನೋಡಿದವರು ಯಾರ ಮದುವೆ ಎಂದು ಕೇಳುವಂತಿತ್ತು.

ಪನ್ಹಾಳದ ರಸ್ತೆಯಲ್ಲಿ ಹಳೆಯ ವಾಡೆಯೊಂದನ್ನು ಹೋಟೆಲ್ ಮಾಡಿದ್ದರು. ಅಡುಗೆಮನೆಯಲ್ಲಿ ನಿಖಿಲ ಓಡಿಬಂದು ಡಬ್ಬಿಯ ಮುಚ್ಚಳ ತೆಗೆದ. ಒಂದು ಕಾಳು ಹಿಡಿದು ಒತ್ತಿದ. ಅವನ ಮುಖ ಸುಣ್ಣವಾಯಿತು.

“ಮಾವಶಿ, ಇದೇನಿದು?”

“ಸೌತಿಬೀಜ.”

“ಅಯ್ಯೋ, ಸೌತಿಬೀಜ ಅಂದ್ರ ಸೌತಿಕಾಯಿ ಬೀಜ! ಅದರ ಹಾಲ ತಗದು ತಣ್ಣನ್ನ ಸೂಪ್ ಮಾಡಾವಿದ್ದ ಅಂವ.”

“ಹಂಗಾದ್ರ ಸೌತಿಕಾಯಿ ಬೀಜ ಅಂತ ಹೇಳಬೇಕಿತ್ತಲ್ಲೋ ಶಾಣ್ಯಾ! ಸೌತಿಬೀಜ ಅಂದಿ, ಸೌತಿಬೀಜ ತಂದೇನಿ.” ದನಿ ಗಟ್ಟಿಯಾಗಿಯೇ ಇತ್ತು. ಆದರೆ ಅವಳ ಕಣ್ಣು ಡಬ್ಬಿ ಬಿಟ್ಟು ಕದಲಲಿಲ್ಲ. ಎಂಟು ದಿನ ಕೂತು ಮಾಡಿದ್ದನ್ನು ಇಲ್ಲಿಯೂ ತಿನ್ನುವವರಿಲ್ಲ!

ಅಷ್ಟರಲ್ಲಿ ಶೆಫ್ ಬಂದ. ಬಿಳಿ ಗಡ್ಡದ, ಗಿಡ್ಡ ಮೈಯ ಮನುಷ್ಯ. ಮುಷ್ಟಿ ತುಂಬ ಕಾಳು ತೆಗೆದು ಬೆಳಕಿಗೆ ಹಿಡಿದ. ಒಂದನ್ನು ಹಲ್ಲಿಗೆ ಸಿಕ್ಕಿಸಿ ಮುರಿದ. ಆಮೇಲೆ ಮಂಗಲಕ್ಕನ ಊದಿದ ಹೆಬ್ಬೆರಳನ್ನು ನೋಡಿದ. ಅವನು ಹೇಳಿದ್ದನ್ನು ನಿಖಿಲ ಕನ್ನಡಕ್ಕೆ ತಂದ: ತಮ್ಮೂರ ಹೆಂಗಸರೂ ಬಾಗಿಲಲ್ಲಿ ಕೂತು ಹೆಬ್ಬೆರಳಿನಿಂದ ಹಿಟ್ಟು ಒತ್ತುತ್ತಾರೆ, ಆದರೆ ಇಷ್ಟು ಸಣ್ಣದನ್ನು ತಾನು ಎಲ್ಲಿಯೂ ಕಂಡಿಲ್ಲ.

ಪ್ರವಾಸದ ಮೇಲ್ವಿಚಾರಕಿ ರುಪಾಲಿ ಮುಂಬೈಯವಳು. ಅವಳೂ ಬಂದು ನೋಡಿ “ಕಿತೀ ಸುಂದರ!” ಎಂದು ಮರಾಠಿಯಲ್ಲಿ ಹೊಗಳಿದಳು. ಒಡನೆಯೇ ಅವಳಿಗೊಂದು ಉಪಾಯ ಹೊಳೆಯಿತು. ಇದನ್ನು ಸಣ್ಣ ಗಾಜಿನ ಬಾಟಲಿಗಳಿಗೆ ತುಂಬಿ, ರಿಬ್ಬನ್ ಕಟ್ಟಿ, ಒಬ್ಬೊಬ್ಬ ಅತಿಥಿಗೆ ಒಂದೊಂದು ನೆನಪಿನ ಕಾಣಿಕೆ ಕೊಡೋಣ ಎಂದಳು.

ರಿಬ್ಬನ್! ಮಂಗಲಕ್ಕ ಡಬ್ಬಿಯ ಮುಚ್ಚಳ ಕಸಿದುಕೊಂಡಳು. ಮರಾಠಿಯಲ್ಲಿ ಶುರು ಮಾಡಿದವಳು ಸಿಟ್ಟು ಏರಿದಂತೆ ಕನ್ನಡಕ್ಕೆ ಇಳಿದಳು.

“ಬಾಟಲ್ಯಾಗ ಹಾಕೂದಿದ್ರ ನನ್ನ ಡಬ್ಬಿ ನನಗ ಕೊಡ್ರಿ, ಬಾಯಾರ. ಇದು ಗೊಂಬಿ ಅಲ್ರಿ. ಅನ್ನ ಐತಿ, ಅನ್ನ! ನಲವತ್ತ ವರ್ಷಾತು, ನಾ ಮಾಡಿದ್ದು ಕಪಾಟಿನ್ಯಾಗ ಕುಂತ ಹುಳಾ ಹಿಡಿಯೂದ ನೋಡಾಕತ್ತೇನಿ. ಬೇಯಿಸಿ ತಿಂತೀರೋ, ಇಲ್ಲಾ ಮನಿಗಿ ಒಯ್ಲೋ?”

“ಮೆನು ಛಾಪಿಸಿ ಆಗಿದೆ, ರುಚಿಯೂ ನೋಡಿಲ್ಲ,” ಎಂದು ರುಪಾಲಿ ಗೊಣಗಿದಳು. ಶೆಫ್ ಇಬ್ಬರ ಮುಖವನ್ನೂ ನೋಡಿದ, ನಿಖಿಲನಿಂದ ಎಲ್ಲ ಕೇಳಿ ತಿಳಿದುಕೊಂಡ. ಛಾಪಿಸಿದ ಮೆನುವನ್ನು ಬೋರಲು ಹಾಕಿ ಒಂದು ಒಲೆಯನ್ನು ಮಂಗಲಕ್ಕನಿಗೆ ತೋರಿಸಿದ. ತಾನು ಪಕ್ಕದಲ್ಲಿ ನಿಂತ.

ಆ ಪೈಠಣಿಯ ಸೆರಗನ್ನು ಸೊಂಟಕ್ಕೆ ಬಿಗಿದು ಮಂಗಲಕ್ಕ ಒಲೆಗೆ ನಿಂತದ್ದನ್ನು ಜಿನಪಾಲ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ತುಪ್ಪದಲ್ಲಿ ಹುರಿದಳು, ಕಾಳು ಕೆಂಪಾಗುವ ತನಕ ಅಲ್ಲ, ವಾಸನೆ ಏಳುವ ತನಕ. ನೀರಿನಲ್ಲಿ ಬೇಯಿಸಿದಳು, ಹಾಲು ಸುರಿದಳು. ಶೆಫ್ ತಲೆಯಾಡಿಸುತ್ತ ಎಲ್ಲ ಗಮನಿಸುತ್ತಿದ್ದ. ಹಾಲು ಕುದಿ ಬಂತು. ಕೊಲ್ಹಾಪುರದ ಬೆಲ್ಲ ಪುಡಿ ಮಾಡಿ ಬೋಗುಣಿಯಲ್ಲಿಟ್ಟಿದ್ದಳು. ನೆರವಾಗುವ ಉಮೇದಿನಲ್ಲಿ ಅವನು ಬೋಗುಣಿ ಎತ್ತಿ ಪಾತ್ರೆಯ ಮೇಲೆ ಓರೆ ಮಾಡಿದ.

ಮಂಗಲಕ್ಕ ಅವನ ಮಣಿಕಟ್ಟು ಗಪ್ಪನೆ ಹಿಡಿದಳು. ಇಪ್ಪತ್ತೆರಡು ಶ್ರೀಮಂತರು ಯಾವ ಕೈಯ ಹಿಂದೆ ದೇಶ ಸುತ್ತುತ್ತಿದ್ದರೋ ಆ ಕೈಯನ್ನೇ!

“ತಡೀರಿ ಸಾಹೇಬ್ರ! ಕುದಿಯೂ ಹಾಲಿಗೆ ಬೆಲ್ಲ ಹಾಕಿದ್ರ ಒಡದ ಹೋಗತೈತಿ. ಇಳಿಸಿ, ಆರಿದ ಮ್ಯಾಲ ಹಾಕೂದು.”

ನಿಖಿಲ ತೊದಲುತ್ತ ತರ್ಜುಮೆ ಮಾಡಿದ. ಶೆಫ್ ಒಂದು ಕ್ಷಣ ತನ್ನ ಮಣಿಕಟ್ಟು ನೋಡಿಕೊಂಡ. ಆಮೇಲೆ ಬೋಗುಣಿಯನ್ನು ಎರಡೂ ಕೈಯಿಂದ ಅವಳಿಗೊಪ್ಪಿಸಿ ಒಂದು ಹೆಜ್ಜೆ ಹಿಂದೆ ಸರಿದ. ಮಂಗಲಕ್ಕನ ಎದೆ ಹಿಗ್ಗಿತು, ಸುಳ್ಳು ಯಾಕೆ ಹೇಳಬೇಕು.

ಒಂಬತ್ತು ಬಗೆಯ ಊಟದಲ್ಲಿ ಐದನೆಯದಾಗಿ, ಆ ಸೂಪಿನ ಜಾಗಕ್ಕೆ, ಪಾಯಸ ಹೋಯಿತು. ಮಂಗಲಕ್ಕ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಳು. ಮೊದಲು ಮೊಬೈಲುಗಳು ಹೊರಬಂದವು. ಅವಳು ಹಲ್ಲು ಕಚ್ಚಿದಳು. ಇಲ್ಲೂ ಫೋಟೋ! ಆಮೇಲೆ ಮೊಬೈಲು ಕೆಳಗಿಟ್ಟರು, ಚಮಚ ಎತ್ತಿದರು. ಚಮಚದ ಸದ್ದು ಮಾತ್ರ ಉಳಿಯಿತು. ಒಬ್ಬ ಮುದುಕ ಬಟ್ಟಲನ್ನೇ ಎತ್ತಿ ಕುಡಿದುಬಿಟ್ಟ.

ಅತಿಥಿಗಳು ಅಡುಗೆಮನೆಗೆ ಬರುವ ಪದ್ಧತಿ ಇರಲಿಲ್ಲ. ಆದರೂ ಬೆಳ್ಳನೆ ಕೂದಲಿನ ಹೆಂಗಸೊಬ್ಬಳು ಬರಿದಾದ ಬಟ್ಟಲು ಹಿಡಿದು ಸೀದಾ ಒಳಗೆ ಬಂದಳು. ಮಂಗಲಕ್ಕನ ಎದುರು ನಿಂತು ಬಟ್ಟಲನ್ನು ಮುಂದೆ ಚಾಚಿದಳು. ಅದಕ್ಕೆ ತರ್ಜುಮೆ ಬೇಕಿರಲಿಲ್ಲ. ಮಂಗಲಕ್ಕ ಪಾತ್ರೆಯಲ್ಲಿ ಸೌಟು ಹಾಕಿದಳು. ಸೌಟು ತಳಕ್ಕೆ ತಾಗಿ ಬರಿದಾಗಿಯೇ ಮೇಲೆ ಬಂತು. ಒಂದು ಕಾಳೂ ಇರಲಿಲ್ಲ.

ನಿಖಿಲ ಮುಖ ಸಣ್ಣದು ಮಾಡಿ, ತಲೆ ಬಗ್ಗಿಸಿ, “ಸಾರಿ ಮ್ಯಾಡಮ್...” ಎಂದು ಶುರು ಮಾಡಿದ.

“ಏ ನಿಖ್ಯಾ, ಸಾರಿ ಗೀರಿ ಅನಬ್ಯಾಡ!” ಮಂಗಲಕ್ಕನ ದನಿ ಹೊರಗಿನ ಮೇಜಿನವರೆಗೂ ಕೇಳಿಸಿತು. ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗುವಿತ್ತು. “ಎಲ್ಲಾ ತಿಂದ ಮುಗಿಸ್ಯಾರ ಅಂತ ಹೇಳ!”