ಕಥೆಮಾವನ ಹಕ್ಕಿಪುಸ್ತಕ

ಶಾಲೆಯಿಂದ ಶಾಲೆಗೆ ಸೈಕಲ್ ತುಳಿದು ಕಥೆ ಹೇಳುವುದು ಕಥೆಮಾವನ ಕಸುಬು. ಕೊರಳಲ್ಲಿ ಹಕ್ಕಿ ನೋಡುವ ದುರ್ಬೀನು ನೇತಾಡುತ್ತಿರುವವರೆಗೆ ಅವನು ಹೊತ್ತಿಗೆ ಸರಿಯಾಗಿ ಎಲ್ಲಿಗೂ ತಲುಪುವವನಲ್ಲ. ಹೆಡ್‌ಮೇಷ್ಟ್ರು ಗಡಿಯಾರ ನೋಡಿದರೆ, "ದಾರೀಲಿ ಮಿಂಚುಳ್ಳಿ ಸಿಕ್ತು ಸಾರ್, ಮಾತಾಡಿಸದೆ ಹೇಗೆ ಬರೋದು?" ಎನ್ನುತ್ತಾನೆ, ಬೀಗರೇ ಎದುರಾದ ಹಾಗೆ. ಕಥೆಯ ನಡುವೆ ಕಿಟಕಿಯಾಚೆ ಹಕ್ಕಿ ಕೂಗಿತೋ, ರಾಜನ ಎತ್ತಿದ ಕತ್ತಿ ಎತ್ತಿದಂತೆಯೇ ನಿಲ್ಲಬೇಕು, ರಾಕ್ಷಸನೂ ಉಸಿರು ಬಿಗಿಹಿಡಿದು ಕಾಯಬೇಕು. ಕಂಡ ಹಕ್ಕಿಯನ್ನೆಲ್ಲ ಅವನು ಒಂದು ನೋಟ್‌ಬುಕ್ಕಿನಲ್ಲಿ ಗುಂಡು ಅಕ್ಷರದಲ್ಲಿ ಬರೆದಿಡುತ್ತಾನೆ. "ಆ ಹಕ್ಕಿಪುಸ್ತಕದಲ್ಲಿ ಕಾಗೆಗೂ ಜಾಗ ಇದೆ, ನನಗಿಲ್ಲ," ಎಂದು ಗೊಣಗುತ್ತಿದ್ದ ಹೆಂಡತಿ ಒಂದು ದಿನ ಅದನ್ನು ತೆರೆದೇ ನೋಡಿದಳು. ಮರಕುಟಿಗ, ಗೀಜಗಗಳ ಕೆಳಗೆ ಅದೇ ಗುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: "ಕೆರೆಯಾಚೆ ಶಾಲೆ, ಮೂರನೇ ಸಾಲು, ಕಿಟಕಿ ಪಕ್ಕದ ಹುಡುಗಿ. ಐದು ಸಲ ಹೋದೆ, ಇನ್ನೂ ನಕ್ಕಿಲ್ಲ. ಸದ್ದು ಮಾಡದೆ ಕಾಯಬೇಕು."