ನಟಿ ಮರೆತ ಹೆಸರು

ಹೊಲಿಗೆಯಕ್ಕನ ಬಲಗೈ ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿತ್ತು. ಹಗಲೆಲ್ಲ ರವಿಕೆ ಹೊಲಿದು, ಸಂಜೆ ದಬ್ಬಣ ಹಿಡಿದು ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಹೊಲಿದು ಕಟ್ಟು ಮಾಡುತ್ತಿದ್ದರು. ಎಪ್ಪತ್ತರ ದಶಕದ ಕೊನೆ. ಹೊನ್ನಾಳಿಯ ನಮ್ಮ ಓಣಿಯ ಹೆಂಗಸರೆಲ್ಲ ಒಬ್ಬ ಸಿನಿಮಾ ನಟಿಯ ಆತ್ಮಕಥೆಗೆ ಮುಗಿಬೀಳುತ್ತಿದ್ದರು. ದೊಡ್ಡವರ ಕಣ್ಣೀರು ಓದುವುದೆಂದರೆ ಅದೇನು ರುಚಿಯೋ! ಹೊಸದಾಗಿ ಬಂದ ಟೀಚರ್ ನಾನೂ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಕ್ಕನ ಮಗಳನ್ನು ಒಪ್ಪಿಹೋಗಿದ್ದ ಚನ್ನಗಿರಿಯ ಬೀಗಿತಿಗೂ ಆ ಕಟ್ಟು ಬಸ್ಸಿನಲ್ಲಿ ಹೋಗುತ್ತಿತ್ತು.

ಒಂದು ಕಂತು ಹೀಗೆ ಮುಗಿಯಿತು: 'ನಾಟಕ ಕಂಪನಿ ನ್ಯಾಮತಿಯಲ್ಲಿದ್ದಾಗ ನಮ್ಮೊಡನೆ ಓಡಿಬಂದ ಹುಡುಗಿಯ ಕಥೆ ಮುಂದಿನ ವಾರ.' ಅಕ್ಕನ ತವರು ನ್ಯಾಮತಿ. "ನಿಮ್ಮೂರೋಳಂತೆ, ಯಾರಕ್ಕ ಆಕೆ?" ಎಂದು ಓಣಿಯವರು ರೇಗಿಸಿದರು. ಅಕ್ಕ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು.

"ಅದು ನಾನೇ, ಟೀಚರಮ್ಮ. ಆಗ ಸೋದರತ್ತೆ ಮನೇಲಿ ಅದಾಳೆ ಅಂತ ಹೇಳಿ ಮನೇರು ಮುಚ್ಚಿಟ್ಟಿದ್ರು. ಹೆಸರು ಬಂದ್ರೆ ಮಗಳ ಮದ್ವೆ ಮುರೀತೈತೆ."

ಆ ವಾರ ಅವರ ಮಿಷನ್ ಸದ್ದೇ ಮಾಡಲಿಲ್ಲ. ಹೊಸ ಕಂತು ಬಂತೇ ಎಂದು ಬೀಗಿತಿ ಕಂಡಕ್ಟರ್ ಕೈಲಿ ಎರಡು ಸಲ ಹೇಳಿಕಳಿಸಿದರು. ನನಗೋ ಆ ನಟಿಯ ಮೇಲೆ ಕೆಂಡದಂಥ ಸಿಟ್ಟು. ತನ್ನ ಬಾಳು ಬರೆದುಕೊಳ್ಳಲಿ, ಊರವರ ಮಾನ ಇವಳಿಗೇಕೆ ಬೇಕಿತ್ತು?

ಪತ್ರಿಕೆ ಬಂದ ದಿನ ಬಸ್‌ಸ್ಟ್ಯಾಂಡಿನಿಂದ ನಾನೇ ತಂದೆ.

"ನೀವೇ ಓದ್ರಿ. ನನ್ ಕೈಲಿ ಓದಾಕೆ ಆಗಲ್ಲ."

ಒಂದೇ ಸಾಲು: 'ಆ ಹುಡುಗಿ ಎರಡು ದಿನ ಅತ್ತು ಮನೆಗೆ ಓಡಿದಳು; ಹೆಸರು ಈಗ ನೆನಪಿಲ್ಲ.'

"ಬದುಕಿದಿರಿ ಅಕ್ಕ!" ಎಂದೆ.

ಅವರ ಮುಖ ಕಪ್ಪಿಟ್ಟಿತು. "ನೆನಪಿಲ್ಲಂತಾ? ದಿನಾ ಆಕೆ ಜಡೆ ಹೆಣೀತಿದ್ದೋಳು ನಾನು. ಮೂರು ತಿಂಗಳು ಸ್ಟೇಜಿನ ಮ್ಯಾಲೆ ನಿಂತೀನ್ರೀ!"

ಮಗಳ ಮುಖ ನೋಡಿ ಸುಮ್ಮನಿರಿ ಎಂದು ಕೈ ಹಿಡಿದೆ. ಕೇಳಲಿಲ್ಲ. ಸಾಲಿನ ಪಕ್ಕದಲ್ಲೇ 'ಎರಡು ದಿನ ಅಲ್ಲ, ಮೂರು ತಿಂಗಳು' ಎಂದು ಬರೆದು ತಮ್ಮ ಹೆಸರು ಹಾಕಿದರು. ಹೊಲಿದು ಚನ್ನಗಿರಿ ಬಸ್ಸಿಗೆ ಕೊಟ್ಟೇಬಿಟ್ಟರು.

ನಾಲ್ಕನೆಯ ದಿನ ಕಟ್ಟು ವಾಪಸ್ಸು ಬಂತು. ಮದುವೆ ಮುರಿಯಿತು ಅಂದುಕೊಂಡೇ ಬಿಚ್ಚಿದೆ. ಅಕ್ಕನ ಹೆಸರಿನ ಕೆಳಗೆ ಬೀಗಿತಿ ಪೆನ್ಸಿಲ್ಲಿನಲ್ಲಿ ಬರೆದಿದ್ದರು: 'ಯಾವ ಪಾರ್ಟು ಮಾಡ್ತಿದ್ರಿ? ಎಲ್ಲಾ ಬರದು ಕಳಿಸ್ರಿ.' ವಾರವಿಡೀ ಕಣ್ಣು ಒದ್ದೆಮಾಡದ ಅಕ್ಕ ಸೆರಗು ಬಾಯಿಗಿಟ್ಟು ಅತ್ತರು. ಮದುವೆಯೂ ಆಯಿತು.

ಅಕ್ಕ ಈಗಿಲ್ಲ. ಇದನ್ನು ಬರೆಯುತ್ತೇನೆಂದಾಗ ಅವರ ಮಗಳು, ಹೆಸರು ಮಾತ್ರ ಹಾಕಬೇಡಿ ಎಂದು ಕೈಮುಗಿದಳು. ಒಪ್ಪಿಕೊಂಡೆ. ಅಕ್ಕ ಇದ್ದಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.