ಗನ್‌ಸೈಟಿನ ಕೆಳಗಿನ ಬ್ರಾಕೆಟ್

ಅದು ಕೋವಿಡ್ ಮುಗಿದ ಮರುವರ್ಷ. ಗಜೇಂದ್ರಗಡದ ನನ್ನ ಗುಜರಿ ಅಂಗಡಿಯಲ್ಲಿ ತಕ್ಕಡಿಯ ಮುಂದೆ ನಾನು ಕೂರುತ್ತಿದ್ದೆ; ಬಿಚ್ಚುವುದು, ಕತ್ತರಿಸುವುದು ಮೆಹಬೂಬಸಾಬನ ಕೆಲಸ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ನನ್ನ ಅಣ್ಣ ವಾಯುಪಡೆಯಲ್ಲಿ ಇನ್‌ಸ್ಟ್ರುಮೆಂಟ್ ಫಿಟರ್ ಆಗಿದ್ದು, ನಿವೃತ್ತನಾಗಿ ನರಗುಂದದಲ್ಲಿದ್ದಾನೆ. ಹಳೆಯ ಯುದ್ಧವಿಮಾನಗಳ ಬಿಡಿಭಾಗಗಳ ಫೋಟೊಗಳನ್ನು ದೂರದೂರದವರು ಅವನಿಗೆ ಕಳಿಸುತ್ತಿದ್ದರು. ಇದು ಇಂಥ ವಿಮಾನದ್ದು ಎಂದು ಅವನು ಹೇಳಿದರೆ ಮತ್ತೊಬ್ಬರನ್ನು ಕೇಳುತ್ತಿರಲಿಲ್ಲ. ಅವನ ಆ ಮಾತಿನ ಬೆಲೆಯನ್ನು ಕಳೆದವಳು ನಾನು.

ರೋಣದಲ್ಲಿ ಒಂದು ಹಳೆಯ ಮನೆ ಕೆಡವುವಾಗ ಎರಡು ಚೀಲ ಸಾಮಾನು ನಮ್ಮಲ್ಲಿಗೆ ಬಂತು. ಆ ಮನೆಯ ಅಜ್ಜ ಎಂದೋ ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದರಂತೆ. ಒಂದು ಚೀಲದಲ್ಲಿ, ಮೇಲೆ ಓರೆಯಾಗಿ ಗಾಜು ಕೂಡಿಸಿದ ಕಪ್ಪು ಡಬ್ಬಿ ಇತ್ತು. ಅದರ ಅಡಿಗೆ ಅಲ್ಯುಮಿನಿಯಂ ಬ್ರಾಕೆಟ್. ನಮ್ಮ ಕಸುಬಿನಲ್ಲಿ ಬೆರಕೆ ಮಾಲಿಗೆ ದರವಿಲ್ಲ. ಬ್ರಾಕೆಟ್ ಬಿಚ್ಚಿಸಿ ರಾಶಿಗೆ ಹಾಕಿದೆ. ಅದೇ ವಾರ ರಾಶಿ ಕರಗಲು ಹುಬ್ಬಳ್ಳಿಯ ಭಟ್ಟಿಗೆ ಹೋಯಿತು. ಉಳಿದ ಡಬ್ಬಿ ಮೇಜಿನ ಮೇಲೆ ನಿಲ್ಲಲೊಲ್ಲದು. ನಿಲ್ಲದ ವಸ್ತುವಿಗೆ ಗಿರಾಕಿ ಸಿಗುವುದಿಲ್ಲ. ಎರಡನೆಯ ಚೀಲದಲ್ಲಿದ್ದ ಬೇರೊಂದು ಬ್ರಾಕೆಟ್‌ಗೆ ಮೆಹಬೂಬಸಾಬನಿಂದ ತೂತು ಕೊರೆಸಿ, ಕೂಡಿಸಿ, ಕಪ್ಪು ಬಣ್ಣ ಬಳಿಸಿದೆ. ಆಮೇಲೆ ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ.

ಮರುದಿನವೇ ಅಣ್ಣ ಬಸ್ಸಿಗೆ ಬಂದ.

"ಏನೂ ಬಿಚ್ಚಿಲ್ಲಲ್ಲ? ನಿನ್ನ ಕೈಯಾಗ ದೇವರ ಸಿಕ್ರೂ ಹಿತ್ತಾಳಿ ಬ್ಯಾರೆ, ತಾಮ್ರ ಬ್ಯಾರೆ ಮಾಡ್ತಿ."

ಮೆಹಬೂಬಸಾಬ ನಕ್ಕ. ನನಗೆ ನಗು ಬರಲಿಲ್ಲ.

ಅದು ಗೈರೊ ಗನ್‌ಸೈಟ್, ಯುದ್ಧವಿಮಾನದಲ್ಲಿ ಗುರಿ ಹಿಡಿಯುವ ಸಾಧನ ಎಂದು ಅಣ್ಣ ವಿವರಿಸಿದ. ಎದುರಾಳಿ ವಿಮಾನದ ರೆಕ್ಕೆಯ ಅಗಲವನ್ನು ಪೈಲಟ್ ಅದರ ಮಾಪಕದಲ್ಲಿ ಹೊಂದಿಸುತ್ತಾನೆ. ಓರೆಗಾಜಿನ ಮೇಲೆ ಬೆಳಕಿನ ಚುಕ್ಕೆಗಳ ಉಂಗುರ ಮೂಡುತ್ತದೆ. ಎದುರಿನ ವಿಮಾನ ಆ ಉಂಗುರದಲ್ಲಿ ಸರಿಯಾಗಿ ತುಂಬಿದಾಗ ಗುಂಡು ಹಾರಿಸಬೇಕು. ಎಷ್ಟು ಮುಂದಕ್ಕೆ ಗುರಿ ಹಿಡಿಯಬೇಕೆಂಬುದನ್ನು ಒಳಗೆ ತಿರುಗುವ ಗೈರೊ ನೋಡಿಕೊಳ್ಳುತ್ತದೆ.

"ಬರೇ ಡಬ್ಬಿ ನೋಡಿ ವಿಮಾನ ಹೇಳಾಕ ಬರಂಗಿಲ್ಲ. ಇದನ್ನ ಸ್ಪಿಟ್‌ಫೈರ್‌ಗೂ ಹಾಕಿದ್ರು, ಟೆಂಪೆಸ್ಟ್‌ಗೂ ಹಾಕಿದ್ರು, ವ್ಯಾಂಪೈರ್‌ಗೂ ಹಾಕಿದ್ರು. ಕಾಕ್‌ಪಿಟ್‌ನಾಗ ಹ್ಯಾಂಗ ಕೂಡಿಸಿದ್ರು ಅನ್ನೋದ ಗುರುತು. ಅದನ್ನ ಬ್ರಾಕೆಟ್ ಹೇಳ್ತೈತಿ."

ಅವನ ಕಣ್ಣಿನ ಪೊರೆ ಇನ್ನೂ ತೆಗೆಸಿರಲಿಲ್ಲ. ಬ್ರಾಕೆಟ್ಟಿನ ಅಂಚನ್ನು ಬೆರಳಿನಿಂದ ಸವರಿ ಸವರಿ ನೋಡಿದ.

"ಶಾಂತಾ, ನನ್ನ ಕಣ್ಣ ಮಂಜಾಗ್ಯಾವ. ಖರೇ ಹೇಳು, ಇದು ಹಿಂಗ ಬಂದಿತ್ತೇನ?"

"ಹೂಂ, ಹಿಂಗ ಬಂದಿತ್ತ."

ಬೈಸಿಕೊಳ್ಳುವ ಅಂಜಿಕೆ, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ನನ್ನ ಮಾತು ನಂಬಿ, ಆ ಬ್ರಾಕೆಟ್ಟಿನ ಆಕಾರದ ಮೇಲೆ ಅಣ್ಣ "ಟೆಂಪೆಸ್ಟ್" ಎಂದ. ಬೆಳಗಾವಿಯ ದೇಸಾಯರು ಟೆಂಪೆಸ್ಟಿನ ಕಾಕ್‌ಪಿಟ್ ಒಂದನ್ನು ಮರುಜೋಡಿಸುತ್ತಿದ್ದರು. ಸುದ್ದಿ ತಿಳಿದು ನನಗೆ ಫೋನ್ ಮಾಡಿ, ನಿಮ್ಮ ಅಣ್ಣ ಹೇಳಿದ ಮೇಲೆ ಮುಗಿಯಿತು, ಬಂದು ಒಯ್ಯುತ್ತೇನೆ ಎಂದರು.

ಅವರು ಬರುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಣ್ಣನಿಗೆ ಫೋನ್ ಹಚ್ಚುವುದು, ಊಟ ಆಯಿತೇ ಎಂದು ಕೇಳುವುದು, ಇಡುವುದು. ಒಬ್ಬನ ಕಬ್ಬಿಣವನ್ನು ಇನ್ನೊಬ್ಬನ ಲೆಕ್ಕಕ್ಕೆ ತೂಗಿದೆ.

"ಅಕ್ಕಾರ, ನಿಮ್ಮ ಚಿತ್ತ ಎಲ್ಲೈತ್ರಿ? ಅಣ್ಣಾರಿಗೆ ಹೇಳಿ ಬಿಡ್ರಿ" ಎಂದ ಮೆಹಬೂಬಸಾಬ.

"ನಾಳೆ ಹೇಳ್ತೀನಿ" ಎಂದೆ. ಆ ನಾಳೆ ಬರುವ ಮುಂಚೆ ದೇಸಾಯರೇ ಬಂದರು.

ಅಣ್ಣನೂ ಬಂದಿದ್ದ. ದೇಸಾಯರು ಗನ್‌ಸೈಟನ್ನು ತಲೆಕೆಳಗು ಮಾಡಿ, ತೂತಿನ ಅಂಚನ್ನು ಉಗುರಿನಿಂದ ಕೆರೆದರು. ಬಣ್ಣ ಎದ್ದು ಹೊಳೆಯುವ ಲೋಹ ಕಂಡಿತು.

"ಸರ್, ಈ ತೂತ ಈಗಿನದು. ಬ್ರಾಕೆಟ್ ಇದರದಲ್ಲ."

ಅಣ್ಣ ಒಮ್ಮೆ ನನ್ನತ್ತ ತಿರುಗಿದ. ನಾನು ತಕ್ಕಡಿಯ ಮೇಲಿನ ದೂಳು ಒರೆಸುತ್ತಿದ್ದೆ.

"ನನ್ನ ತಪ್ಪುರಿ" ಎಂದ ಅಣ್ಣ. "ನಾ ಸರಿಯಾಗಿ ನೋಡಲಿಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ. ದೇಸಾಯರು ಬರಿಗೈಯಲ್ಲಿ ಹೋದರು. ಸುಳ್ಳು ಹೇಳಿದ್ದಕ್ಕಿಂತ ಹೀಗೆ ಸುಮ್ಮನಿದ್ದದ್ದೇ ನನ್ನನ್ನು ಇಂದಿಗೂ ಕೊರೆಯುತ್ತದೆ.

ಮರುದಿನ ಮೊದಲ ಬಸ್ಸಿಗೆ ನರಗುಂದಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಅಣ್ಣ ಬೈಯಲಿಲ್ಲ. "ನನಗ ಹೇಳಿದಿ. ದೇಸಾಯರಿಗೆ ಯಾರ ಹೇಳ್ತಾರ?" ಎಂದು ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ತಡವರಿಸುತ್ತ ಹೇಳಿದೆ.

"ಹೋಗ್ಲಿ ಬಿಡ್ರಿ" ಎಂದರು ದೇಸಾಯರು. "ಮೊದಲಿನ ಬ್ರಾಕೆಟ್ ಹ್ಯಾಂಗಿತ್ತು? ಅದನ್ನರ ಹೇಳ್ರಿ, ಯಾವ ವಿಮಾನದ್ದು ಅಂತ ಇನ್ನೂ ತಿಳೀಬಹುದು."

ಕಣ್ಣು ಮುಚ್ಚಿ ನೆನೆದೆ. ಉದ್ದವೋ, ಬಾಗಿತ್ತೋ, ಎಷ್ಟು ತೂತಿದ್ದವೋ ಒಂದೂ ಹೊಳೆಯಲಿಲ್ಲ.

"ಎರಡು ಕಿಲೋಕ್ಕ ಸ್ವಲ್ಪ ಕಡಿಮಿ ಇತ್ರಿ" ಎಂದೆ.



ಆ ಗನ್‌ಸೈಟ್ ಯಾವ ವಿಮಾನದ್ದೆಂದು ಇಂದಿಗೂ ತಿಳಿದಿಲ್ಲ. ಇನ್ನು ತಿಳಿಯುವುದೂ ಇಲ್ಲ. ಇಷ್ಟು ವರ್ಷ, ತೂಗಿದರೆ ನೋಡಿದಂತೆಯೇ ಎಂದು ತಿಳಿದಿದ್ದೆ. ಬೇರ್ಪಡಿಸುವ ಕೈಗೆ, ಅದು ಹೇಗೆ ಕೂಡಿತ್ತೆಂಬುದೂ ಗೊತ್ತಿರಬೇಕು. ಈಗ ಗುರುತು ಸಿಗದ ಯಾವ ವಸ್ತುವನ್ನೂ ನಾಲ್ಕೂ ಕಡೆಯಿಂದ ಫೋಟೊ ತೆಗೆಯದೆ ಬಿಚ್ಚಿಸುವುದಿಲ್ಲ.

ಅಣ್ಣನ ಕಣ್ಣು ಈಗ ಚೆನ್ನಾಗಿದೆ. ಈಚೆಗೆ ಸವಡಿಯಿಂದ ಬಂದ ಒಂದು ಹಳೆಯ ಮೀಟರ್ ನೋಡಲು ಅಂಗಡಿಗೆ ಬಂದಿದ್ದ. ನಾನು ಅದನ್ನು ಮುಟ್ಟಿರಲಿಲ್ಲ. ಅಣ್ಣ ತಿರುಗಿಸಿ ನೋಡಿ, ಅದು ಯಾವ ಸ್ಥಿತಿಯಲ್ಲಿ ಬಂತೆಂದು ಮೆಹಬೂಬಸಾಬನನ್ನು ಕೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ.